ನನ್ನ ದವಡೆ, ಮಗಳ ಮಿಶ್ರಿ

ನನ್ನ ಕೆಳದವಡೆಯ ಎಡಗಡೆಯ ಎಲುಬು ಈಗ ಇಲ್ಲ. ತೆಗೆದು ವರ್ಷವಾಗುತ್ತ ಬಂತು. ಆಳಂದದ ಬಜಾರಿನಲ್ಲಿ ಗುರುತಿನವರು ಎದುರಾದರೆ ಒಮ್ಮೆ ನನ್ನ ಮುಖ ನೋಡಿ, ಆಮೇಲೆ ನೆಲ ನೋಡುತ್ತಾರೆ. ಪಾಪ, ಏನು ಕೇಳಬೇಕೋ ಅವರಿಗೆ ತಿಳಿಯುವುದಿಲ್ಲ. ಸೆರಗನ್ನು ಎಡಗೆನ್ನೆಗೆ ಹಿಡಿದುಕೊಂಡು ನಾನೇ ಮೊದಲು ಮಾತಾಡಿಸುತ್ತೇನೆ. ಮಾತಾಡಿಸಲು ನಾಲಿಗೆ ಉಳಿದಿದೆ. ಅಷ್ಟು ದೇವರ ಕರುಣೆ.

ಆದರೆ ಇದನ್ನು ಬರೆಯುತ್ತಿರುವುದು ನನ್ನ ದವಡೆಗಾಗಿ ಅಲ್ಲ. ಹೋದದ್ದು ಹೋಯಿತು. ಜೇವರ್ಗಿಗೆ ಮದುವೆ ಮಾಡಿ ಕೊಟ್ಟ ನನ್ನ ಮಗಳು ಸವಿತಾಳ ಬಾಯಿ ಇನ್ನೂ ಇದೆ. ಅದು ಉಳಿಯುತ್ತದೋ ಇಲ್ಲವೋ ಎನ್ನುವುದೊಂದೇ ಈಗ ನನ್ನ ಚಿಂತೆ. ನನ್ನ ಬಾಯಿಯನ್ನು ತಿಂದದ್ದನ್ನು ಅವಳ ಬಾಯಿಗೆ ಹಚ್ಚಿದ್ದು ಬೇರೆ ಯಾರೂ ಅಲ್ಲ, ನಾನು. ಈ ಬಲಗೈಯ ತೋರುಬೆರಳಿನಿಂದ. ನಾನು ಓದಿದ್ದು ಏಳನೇ ಇಯತ್ತೆಯವರೆಗೆ. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಮನೆಯಲ್ಲೂ ಬೆಳಿಗ್ಗೆ ಯಾರಾದರೂ ಮಿಶ್ರಿ ತಿಕ್ಕುತ್ತಿದ್ದರೆ ಅವರಿಗೆ ಇದನ್ನು ಓದಿ ಹೇಳಿ.

ನನ್ನ ತವರು ಅಫಜಲಪುರ ತಾಲೂಕು, ಚೌಡಾಪುರದ ಹತ್ತಿರದ ಹಳ್ಳಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಆಳಂದಕ್ಕೆ ಬಂದೆ. ನಮ್ಮ ಮನೆಯವರದು ಹಿಟ್ಟಿನ ಗಿರಣಿ. ಮನೆಯಲ್ಲಿ ಅತ್ತೆಯವರ ಮಾತೇ ಕಾಯಿದೆ. ಬಂದ ಮರುದಿನವೇ ಅವರು ನನಗೆ ಹೇಳಿದ್ದು: "ಬಾಯಿ ಸ್ವಚ್ಛ ಇರಲಾರದಾಕಿ ದೇವರ ಹೆಸರು ತಗೋಬಾರದು ನೋಡವ್ವಾ. ಮೊದಲ ಬಾಯಿ, ಆಮ್ಯಾಲ ಜಳಕ, ಆಮ್ಯಾಲ ಲಿಂಗ." ಹೇಳಿ ಒಂದು ಸಣ್ಣ ತಗಡಿನ ಡಬ್ಬಿ ಕೈಗೆ ಕೊಟ್ಟರು. ಒಳಗೆ ಕಪ್ಪು ಪುಡಿ. ಅದೇ ಮಿಶ್ರಿ.

ಅದನ್ನು ಮನೆಯಲ್ಲೇ ಮಾಡುತ್ತಿದ್ದೆವು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಹಾಕಿ, ಕಪ್ಪಗಾಗುವವರೆಗೆ ಹುರಿದು, ಆರಿದ ಮೇಲೆ ಕೈಯಲ್ಲಿ ಹಿಸುಕಿ, ಅರಿವೆಯಲ್ಲಿ ಸೋಸಿ ಡಬ್ಬಿಗೆ ತುಂಬುವುದು. ಹುರಿಯುವ ದಿನ ಮನೆಯ ಮಂದಿಯೆಲ್ಲ ಕೆಮ್ಮುತ್ತ ಹೊರಗೆ ನಿಲ್ಲುತ್ತಿದ್ದರು. ಮೊದಲ ದಿನ ತಿಕ್ಕಿದಾಗ ನನಗೆ ತಲೆ ಗಿರ್ರನೆ ತಿರುಗಿ ಹಿತ್ತಲಲ್ಲಿ ಕುಸಿದು ಕುಳಿತೆ. ಅತ್ತೆ ನಕ್ಕು ನಕ್ಕು ಸಾಕಾದರು. "ಎಲ್ಲಾರಿಗೂ ಹಂಗs ಆಗ್ತದ ಬೇ. ಎಂಟ್ ದಿನ ಆದಮ್ಯಾಲ ನೀನs ಕೇಳಕೊಂಡ ಬರ್ತಿ."

ಎಂಟು ದಿನವೂ ಬೇಕಾಗಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಅತ್ತೆ, ನಾನು, ಪಕ್ಕದ ಮನೆಯ ಇಬ್ಬರು ಹೆಂಗಸರು ಸಾಲಾಗಿ ಕುಳಿತು ತಿಕ್ಕುವುದು, ಉಗುಳುವುದು. ಸೊಸೆಯಾದವಳಿಗೆ ದಿನಕ್ಕೆ ಅದೊಂದೇ ಕೂಡುವ ಹೊತ್ತು. ಆಮೇಲೆ ಮಧ್ಯಾಹ್ನದ ಊಟವಾದ ಮೇಲೊಮ್ಮೆ, ಸಂಜೆ ರೊಟ್ಟಿ ಬಡಿದ ಮೇಲೊಮ್ಮೆ. ತಿಕ್ಕದಿದ್ದರೆ ಹೊಟ್ಟೆ ಸಾಫ್ ಆಗುತ್ತಿರಲಿಲ್ಲ, ತಲೆ ಹಿಡಿದುಕೊಳ್ಳುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಅದನ್ನು ಚಟ ಅಂತ ನಮ್ಮಲ್ಲಿ ಯಾರೂ ಕರೆದಿರಲಿಲ್ಲ. ನಮಗೆ ಅದು ಹಲ್ಲುಪುಡಿ. ತಂಬಾಕು ಅಂದರೆ ಗಂಡಸರು ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ ತುಟಿಯೊಳಗೆ ಇಡುವುದು. ನಮ್ಮ ಮನೆಯವರು ಅದನ್ನು ಮುಟ್ಟಿದವರೇ ಅಲ್ಲ. ಅದಕ್ಕೆ ನನಗೆ ಬಹಳ ಹೆಮ್ಮೆಯೂ ಇತ್ತು.

ಸವಿತಾ ಚೊಚ್ಚಲ ಬಾಣಂತನಕ್ಕೆ ಬಂದಾಗ ನನ್ನ ಎಡಗಡೆಯ ಒಂದು ದವಡೆಹಲ್ಲು ಆಗಲೇ ಅಲುಗಾಡುತ್ತಿತ್ತು. ಕಡಕ್ ರೊಟ್ಟಿ ಕಡಿದರೆ ರಕ್ತ. ನಾನು ಮಿಶ್ರಿ ಜಾಸ್ತಿ ಮಾಡಿದೆ. ಹಲ್ಲು ಗಟ್ಟಿಯಾಗುತ್ತದೆ ಅಂತ.

ಏಳನೆಯ ತಿಂಗಳ ಕುಬಸ, ಅಂದರೆ ಸೀಮಂತ, ಮುಗಿದ ವಾರ ಸವಿತಾ ಬಚ್ಚಲ ಹತ್ತಿರ ನಿಂತು ಕರೆದಳು. "ಯವ್ವಾ, ಇಲ್ಲಿ ನೋಡು ಬೇ. ಬ್ರಷ್ ಮಾಡಿದ್ರ ರಕ್ತ ಬರಾಕತ್ತದ."

ನೋಡಿದೆ. ವಸಡುಗಳು ಕೆಂಪಗೆ ಉಬ್ಬಿದ್ದವು.

"ದವಾಖಾನ್ಯಾಗ ಸಿಸ್ಟರ್ ಹೇಳ್ಯಾಳ, ಬಸರಾದಾಗ ಹಿಂಗ ಆಗ್ತದಂತ. ಹಲ್ಲಿನ ಡಾಕ್ಟರಿಗೆ ಒಮ್ಮಿ ತೋರಸ್ರಿ ಅಂದಾಳ."

"ಹಲ್ಲಿಗ್ಯಾರ್ ಡಾಕ್ಟರ್ ಕಡಿ ಹೋಗ್ತಾರ? ಏಳು ತಿಂಗಳ ಹೊಟ್ಟಿ ಹೊತಗೊಂಡು ಅಲ್ಲಿ ಬಾಯಿ ತಕ್ಕೊಂಡು ಕೂಡ್ತೀಯೇನು? ಇಲ್ಲಿ ಬಾ."

ಸೊಂಟದಿಂದ ಡಬ್ಬಿ ತೆಗೆದೆ. ಅವಳ ಗದ್ದ ಹಿಡಿದು, ಚಿಕ್ಕವಳಿದ್ದಾಗ ಕಾಡಿಗೆ ಹಚ್ಚುತ್ತಿದ್ದೆನಲ್ಲ, ಹಾಗೆ ಮುಖ ಮೇಲೆತ್ತಿಸಿ, ವಸಡಿನ ಮೇಲೆ ಬೆರಳಾಡಿಸಿದೆ.

"ಥೂ! ಖಾರ ಅದ ಬೇ, ಉರಿತದ!"

"ಉರಿಲಿ. ನಾಲ್ಕ್ ದಿನ ತಿಕ್ಕು, ಗಟ್ಟಿ ಆಗ್ತಾವ."

ಅವಳು ನಾಲ್ಕು ದಿನ ವಾಂತಿ ಮಾಡಿಕೊಂಡಳು. ಹೊಟ್ಟೆಯಲ್ಲಿ ಕೂಸಿತ್ತು. ಈಗ ಅದನ್ನು ನೆನೆದರೆ ದೇವರ ಮುಂದೆ ಕೂಡಲು ನಾಚಿಕೆಯಾಗುತ್ತದೆ. ಕೂಸು ಆರಾಮಾಗಿ ಹುಟ್ಟಿತು, ಹೆಣ್ಣು. ಅದೊಂದು ಕರುಣೆ. ಐದನೆಯ ತಿಂಗಳಲ್ಲಿ ತಾಯಿ ಮಗುವನ್ನು ಜೇವರ್ಗಿಗೆ ಕಳಿಸುವಾಗ ಕೊಬ್ಬರಿ, ಖಾರಪುಡಿ, ಕೂಸಿನ ಕುಲಾಯಿಗಳ ಜೊತೆಗೆ ಒಂದು ಡಬ್ಬಿ ಮಿಶ್ರಿಯನ್ನೂ ಕಟ್ಟಿಕೊಟ್ಟೆ.

ಅವಳು ಇನ್ನೂ ನಮ್ಮಲ್ಲಿ ಬಾಣಂತಿಯಾಗಿದ್ದಾಗಲೇ ನನ್ನ ಆ ಹಲ್ಲು ಒಂದು ಮಧ್ಯಾಹ್ನ ರೊಟ್ಟಿಯ ತುತ್ತಿನೊಳಗೆ ಬಂದಿತ್ತು. ನೋವಿಲ್ಲ, ಏನಿಲ್ಲ. ಕಲ್ಲು ಅಂತ ತೆಗೆದರೆ ಹಲ್ಲು. "ಪುಣ್ಯ ಮಾಡೀ. ಕೀಳಸೋ ತ್ರಾಸ ತಪ್ತು" ಅಂದರು ಅತ್ತೆ. ನಾನೂ ಹಾಗೇ ಅಂದುಕೊಂಡು ದೇವರಿಗೆ ಒಂದು ಕಾಯಿ ಒಡೆಸಿದೆ. ಆದರೆ ಹಲ್ಲು ಹೋದ ಕುಣಿ ಮುಚ್ಚಲಿಲ್ಲ. ಎರಡು ತಿಂಗಳಾದರೂ ನಾಲಿಗೆ ಹೊರಳಿಸಿದರೆ ಅಲ್ಲಿ ಹಸಿ ಮಾಂಸ. ಮಿಶ್ರಿ ತಾಗಿದರೆ ಉರಿಯುತ್ತಿತ್ತು. ಹಾಗಾಗಿ ಬಲಗಡೆ ತಿಕ್ಕಲು ಶುರುಮಾಡಿದೆ. ಬುದ್ಧಿ ಅಷ್ಟೇ ಇತ್ತು.

ನಮ್ಮ ಮನೆಯವರೇ ಒತ್ತಾಯ ಮಾಡಿ ಆಳಂದದ ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋದರು. ನಾನು ಹಲ್ಲಿನ ದವಾಖಾನೆಯ ಮೆಟ್ಟಿಲು ಹತ್ತಿದ್ದು ಜೀವಮಾನದಲ್ಲೇ ಮೊದಲು. ಹೋಗುವ ಮುಂಚೆ ಉಪ್ಪು ಹಾಕಿ ಮೂರು ಸಲ ಬಾಯಿ ತೊಳೆದುಕೊಂಡೆ. ಹೊರಗಿನವರ ಮುಂದೆ ಹೊಲಸು ಬಾಯಿ ತೆರೆಯಬಾರದಲ್ಲ.

ಬೆಂಚಿನ ಮೇಲೆ ನನ್ನ ಪಕ್ಕ ಬುರ್ಖಾ ಹಾಕಿದ ಒಬ್ಬ ಹೆಣ್ಣುಮಗಳು ಇಬ್ಬರು ಮಕ್ಕಳೊಂದಿಗೆ ಕುಳಿತಿದ್ದಳು. ಒಳಗಿನಿಂದ ಮಷಿನ್ನಿನ ಸದ್ದು ಬಂದಾಗ ಸಣ್ಣ ಹುಡುಗಿ ಅವಳ ತೋಳಿಗೆ ಅಂಟಿಕೊಂಡಿತು. "ಡರೋ ನಕ್ಕೋ ಅಮ್ಮಾ, ಖಾಲಿ ದೇಖತೇ" ಅಂತ, ಅಂಜಬೇಡ, ಬರೀ ನೋಡುತ್ತಾರೆ ಅಂತ, ಅವರ ಮಾತಿನಲ್ಲಿ ಅದಕ್ಕೆ ಹೇಳಿ ನನ್ನ ಕಡೆ ತಿರುಗಿದಳು. "ನಿಮಗ ಯಾವ ಹಲ್ಲರಿ ಅಕ್ಕಾ?"

"ಹಲ್ಲು ಹೋತವ್ವಾ. ಕುಣಿ ಮಾಯವಲ್ಲದು. ನಿಮ್ಮ ಹುಡುಗ್ರಿಗೆ ಏನಾಗ್ಯಾದ?"

"ಏನೂ ಆಗಿಲ್ರಿ. ಆರ್ ತಿಂಗಳಿಗೊಮ್ಮೆ ತೋರಸ್ತೇನಿ. ನಾನೂ ತೋರಸಕೋತೇನಿ. ನಮ್ಮ ಮನಿಯವ್ರು ನಗ್ತಾರ, ಏನೂ ಆಗಲಾರದs ದವಾಖಾನಿಗೆ ಹೋಗೋ ಹುಚ್ಚಿ ನೀನೊಬ್ಬಾಕಿ ಅಂತ."

ನಾನೂ ಮನಸ್ಸಿನಲ್ಲಿ ನಕ್ಕೆ. ದೇವರಾಣೆ ನಕ್ಕೆ. ಆ ಹುಚ್ಚಿಯ ಹಲ್ಲುಗಳು ಜೋಳದ ಕಾಳಿನ ಹಾಗೆ ಬೆಳ್ಳಗೆ ಸಾಲಾಗಿದ್ದವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಮೆತ್ತಗೆ. ಸಣ್ಣ ಕನ್ನಡಿ ಬಾಯಲ್ಲಿಟ್ಟು ನೋಡಿದಳು. "ಅಮ್ಮಾ, ತಂಬಾಕು ಹಾಕ್ತೀರೇನ್ರಿ?"

"ಇಲ್ಲವ್ವಾ. ನಾವು ಲಿಂಗ ಕಟ್ಟಿದವರು."

"ಗುಟಖಾ? ಎಲಿ ಅಡಕಿ?"

"ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ರಿ" ಅಂದರು ನಮ್ಮ ಮನೆಯವರು, ಎದೆ ಸೆಟೆಸಿ.

"ಮತ್ತ ಹಲ್ಲಿನ ಸಂದ್ಯಾಗ ಇದೇನ್ರಿ ಕರೀದು?"

"ಬೋರಿನ ನೀರು ರೀ. ನಮ್ಮ ಓಣ್ಯಾಗ ಎಲ್ಲಾರ ಹಲ್ಲೂ ಹಂಗs ಅವ" ಅಂದೆ ನಾನು.

ನಾನು ಸುಳ್ಳು ಹೇಳಲಿಲ್ಲ. ಇವತ್ತಿಗೂ ಎದೆ ಮುಟ್ಟಿ ಹೇಳುತ್ತೇನೆ, ನನ್ನ ಮಟ್ಟಿಗೆ ಅದು ಸತ್ಯವೇ ಆಗಿತ್ತು. ಡಾಕ್ಟರಮ್ಮ ಗುಳಿಗೆ, ಹಚ್ಚುವ ಮುಲಾಮು ಬರೆದುಕೊಟ್ಟು, "ಹದಿನೈದ್ ದಿನದಾಗ ಮಾಯಲಿಲ್ಲಂದ್ರ ತಪ್ಪದs ಬರ್ರಿ. ಒಂದು ಸಣ್ಣ ತುಣುಕು ತಗದು ತಪಾಸಣಿಗೆ ಕಳಸಬೇಕಾಗ್ತದ" ಅಂದಳು. ಗುಳಿಗೆಗೆ ನೋವು ಇಳಿಯಿತು. ಅಷ್ಟರಲ್ಲಿ ಶ್ರಾವಣ ಬಂತು. ಸೋಮವಾರಕ್ಕೊಮ್ಮೆ ಜಿಡಗಾ ಮಠಕ್ಕೆ ಹೋಗುವ ಹರಕೆ ಹೊತ್ತಿದ್ದೆ. ಸವಿತಾಳನ್ನು ಗಂಡನ ಮನೆಗೆ ಕಳಿಸುವ ಗಡಿಬಿಡಿ ಬೇರೆ. ಹದಿನೈದು ದಿನ ಹೋಗಿ ಮೂರು ತಿಂಗಳಾಯಿತು. ಒಂದು ದಿನ ಪ್ರಸಾದದ ತುತ್ತು ಬಾಯಿಗೆ ಹೋಗಲಿಲ್ಲ. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು.

ಎರಡನೆಯ ಸಲ ಹೋಗುವಾಗ ಅತ್ತೆಯೂ ಬಂದರು. ಸೊಸೆಗೆ ಏನಾಗಿದೆ ನೋಡಬೇಕು ಅಂತ. ಎಪ್ಪತ್ತು ದಾಟಿದ ಮುದುಕಿ, ಹಟ ಮಾಡಿ ಮೆಟ್ಟಿಲು ಹತ್ತಿದರು. ಡಾಕ್ಟರಮ್ಮ ಕನ್ನಡಿ ಹಿಡಿದು ನನ್ನ ಬಾಯಿ ನೋಡಿದಳು. ಮತ್ತೆ ಅದೇ ಪ್ರಶ್ನೆ ಕೇಳಿದಳು, ತಂಬಾಕು ಇಲ್ಲವೇ ಇಲ್ಲವಾ ಅಂತ. ನಾನು ತಲೆ ಅಲ್ಲಾಡಿಸಿದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಕುಳಿತಿದ್ದ ಅತ್ತೆ ಗದ್ದ ಮೇಲೆತ್ತಿ, ತುಟಿ ಬಿಗಿಹಿಡಿದು, "ಎಲ್ಲಿ ಉಗುಳಲಿ ತಾಯಿ?" ಅಂತ ಕೈಸನ್ನೆ ಮಾಡಿದರು.

ಅವರು ಉಗುಳಿ ಬಂದ ಮೇಲೆ ಡಾಕ್ಟರಮ್ಮ ಕೇಳಿದಳು. "ಅಜ್ಜೀ, ಬಾಯಾಗ ಏನ್ ಇಟ್ಟೀರಿ?"

"ಮಿಶ್ರಿ, ತಾಯಿ."

"ಇವರೂ ತಿಕ್ಕತಾರೇನ್ರಿ?"

"ತಿಕ್ಕಲಾರದs ಇರ್ತಾಳೇನು? ಇಪ್ಪತ್ತಾರು ವರ್ಷ ಆತು. ನಾನs ಕಲಿಸೀನಿ."

ಡಾಕ್ಟರಮ್ಮ ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಯಲ್ಲಿಟ್ಟಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಅಮ್ಮಾ, ನಾ ಕೇಳಿದ್ನಲ್ಲರಿ?"

"ನೀವು ತಂಬಾಕು ಕೇಳಿದ್ರಿ. ಇದು ಮಿಶ್ರಿ."

"ಮಿಶ್ರಿ ಯಾತರದು ಮಾಡ್ತೀರಿ?"

"ತಂಬಾಕಿನ ಎಲಿ ಸುಟ್ಟು..." ಅಂದೆ. ನಮ್ಮ ಮನೆಯವರು ನನ್ನ ಮುಖ ನೋಡಿದರು. ಇಪ್ಪತ್ತಾರು ವರ್ಷ ನಾನೇ ಹುರಿದು, ನಾನೇ ಹಿಸುಕಿದ ಎಲೆ. ಅದರ ಹೆಸರು ಆ ದಿನ ನನ್ನ ಬಾಯಿಂದಲೇ ಬಂತು.

ತುಣುಕು ತೆಗೆದು ಕಳಿಸಿದರು. ಎಂಟು ದಿನ ಕಾದೆವು. ಆ ಎಂಟು ದಿನ ನಾನು ಲಿಂಗಪೂಜೆಗೆ ಕುಳಿತರೆ ಏನು ಬೇಡಬೇಕೋ ತಿಳಿಯದೆ ಸುಮ್ಮನೆ ಅಂಗೈ ನೋಡುತ್ತ ಕೂಡುತ್ತಿದ್ದೆ. ಕಾಗದ ಬಂದ ದಿನ ಡಾಕ್ಟರಮ್ಮ ನಮ್ಮ ಮನೆಯವರನ್ನು ಮೊದಲು ಒಳಗೆ ಕರೆದಳು. ಅವರು ಹೊರಗೆ ಬಂದು, ನನ್ನನ್ನು ದಾಟಿ ಹೋಗಿ, ನೀರಿನ ನಲ್ಲಿಯ ಹತ್ತಿರ ನಿಂತು ಮುಖ ತೊಳೆದರು. ಒಮ್ಮೆ ಅಲ್ಲ. ತೊಳೆಯುತ್ತಲೇ ಇದ್ದರು. ಕ್ಯಾನ್ಸರ್ ಅನ್ನುವ ಶಬ್ದವನ್ನು ಯಾರೂ ನನಗೆ ಹೇಳುವ ಅಗತ್ಯವೇ ಬೀಳಲಿಲ್ಲ.

ಅವತ್ತೇ ಸಂಜೆ ಜೇವರ್ಗಿಗೆ ಫೋನ್ ಮಾಡಿಸಿದೆ. "ಆ ಡಬ್ಬಿ ಒಲಿಗೆ ಹಾಕು" ಅಂದೆ. ಸವಿತಾ ಅತ್ತಳು. "ಹಾಕ್ತೇನವ್ವಾ. ಇವತ್ತs ಹಾಕ್ತೇನಿ" ಅಂದಳು. ನಂಬಿದೆ.

ಅತ್ತೆ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ಕಟ್ಟೆಯ ಮೇಲೆ ಗೋಡೆಯ ಕಡೆ ತಿರುಗಿ ಕುಳಿತು ತಿಕ್ಕುತ್ತಿದ್ದರು.

"ಇನ್ನೂ ಬಿಟ್ಟಿಲ್ಲೇನ್ರಿ ಅತ್ತಿ?"

"ಐವತ್ತ ವರ್ಷ ತಿಕ್ಕೀನಿ. ನನಗೇನಾಗ್ಯಾದ? ನಿನ್ನ ಹಣಿಮ್ಯಾಲ ಬರದಿತ್ತು, ಆತು" ಅಂದರು. ಆಮೇಲೆ ಉಗುಳಿ, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಮುದುಕಿಯನ್ನು ನಾನು ಏನು ಬಯ್ಯಲಿ? ಅವರಿಗೂ ಅವರ ಅತ್ತೆ ಕಲಿಸಿದ್ದು.

ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಆಯಿತು. ದವಡೆಯ ಎಲುಬು, ಅದರ ಮೇಲಿನ ಹಲ್ಲು, ಗಲ್ಲದ ಒಳಗಿನ ಮಾಂಸ ತೆಗೆದು, ಎದೆಯ ಮೇಲಿನ ಮಾಂಸ ತಂದು ಅಲ್ಲಿಗೆ ಹಚ್ಚಿದರು. ಎಚ್ಚರವಾದಾಗ ಮೂಗಿನಲ್ಲಿ ನಳಿ ಇತ್ತು. ಇಪ್ಪತ್ತೊಂದು ದಿನ ಆ ನಳಿಯಲ್ಲೇ ಹಾಲು, ತೊಗರಿಬೇಳೆಯ ಕಟ್ಟು. ನಮ್ಮ ಮನೆಯವರು ಸಿರಿಂಜಿನಲ್ಲಿ ತುಂಬಿ ಮೆಲ್ಲಗೆ ಬಿಡುತ್ತ, "ಉಪ್ಪು ಬರೋಬ್ಬರಿ ಅದ ಏನು?" ಅಂತ ಮರೆತು ಕೇಳುತ್ತಿದ್ದರು. ಕೇಳಿದ ಮೇಲೆ ನೆನಪಾಗಿ ಗೋಡೆ ನೋಡುತ್ತಿದ್ದರು. ನಾನು ಬರೋಬ್ಬರಿ ಅದ ಅಂತ ಕೈ ಮಾಡುತ್ತಿದ್ದೆ.

ಆಪರೇಷನ್ ಆದ ಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡುವುದು ಇತ್ತು. ಅದಕ್ಕೂ ಮುಂಚೆ ಉಳಿದ ಹಲ್ಲುಗಳನ್ನು ಮತ್ತೆ ತೋರಿಸಬೇಕು ಅಂದರು, ಕರೆಂಟ್ ಹಿಡಿದ ದವಡೆಯಲ್ಲಿ ಹಲ್ಲು ಕಿತ್ತರೆ ಗಾಯ ಮಾಯುವುದಿಲ್ಲವಂತೆ. ಆಳಂದದ ಡಾಕ್ಟರಮ್ಮನೇ ನೋಡಿ ಬಲಗಡೆಯ ಮೂರು ಹಲ್ಲು ತೆಗೆದಳು. ಬೇರಿನವರೆಗೆ ಹುಳುಕಾಗಿದ್ದವಂತೆ. "ವರ್ಷಕ್ಕೊಮ್ಮೆರ ಬಂದು ತೋರಿಸಿದ್ರ ಈ ಮೂರೂ ಉಳೀತಿದ್ದೂರಿ. ದೊಡ್ಡ ರೋಗಾನೂ ಅಕ್ಕಿಕಾಳಿನಷ್ಟ ಇದ್ದಾಗs ಕಣ್ಣಿಗೆ ಬೀಳ್ತಿತ್ತು" ಅಂದಳು. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಆ ಬುರ್ಖಾದ ಹೆಣ್ಣುಮಗಳು ನೆನಪಾದಳು. ಅವಳಿಗಿದ್ದ ಹುಚ್ಚು ನನಗೆ ಯಾಕೆ ಬರಲಿಲ್ಲ?

ಕರೆಂಟ್ ಕೊಡುವ ಕೋಣೆಯ ಹೊರಗಿನ ಸಾಲಿನಲ್ಲಿ ಕುಳಿತವರೆಲ್ಲ ಒಂದು ಕಡೆಯ ಗಲ್ಲಕ್ಕೆ ಅರಿವೆ ಹಿಡಿದುಕೊಂಡೇ ಇರುತ್ತಿದ್ದರು. ಒಬ್ಬಳು ಮಟಕಿ ಎನ್ನುವ ಊರಿನವಳು, ನಮ್ಮ ತಾಲೂಕಿನವಳೇ. ಎರಡನೆಯ ದಿನ ನನ್ನ ಕಡೆ ಬಾಗಿ ಕೇಳಿದಳು. "ಮಿಶ್ರಿ ಏನ್ರಿ?"

"ಹೂಂ. ನೀವು?"

"ಮಿಶ್ರಿನs. ನಾನು ನಮ್ಮೂರಿನ ಹೆಣ್ಮಕ್ಳಿಗೆಲ್ಲ ಮಾಡಿ ಕೊಡ್ತಿದ್ದೆ. ನನ್ನ ಕೈ ಮಿಶ್ರಿ ಬಾಳ ಸಣ್ಣ ಅಂತ ಹೆಸರ ಮಾಡಿತ್ತು ನೋಡ್ರಿ."

ಇಬ್ಬರೂ ನಕ್ಕೆವು. ನಗಲು ಹೋಗಿ ಹೊಲಿಗೆ ಎಳೆದು ಇಬ್ಬರ ಕಣ್ಣಲ್ಲೂ ನೀರು. ಆ ದವಾಖಾನೆಯಲ್ಲಿ ನಾನು ನಕ್ಕದ್ದು ಅದೊಂದೇ ಸಲ. ಮೂರನೆಯ ವಾರ ಅವಳ ಜಾಗ ಖಾಲಿ ಇತ್ತು. ಎಲ್ಲಿ ಅಂತ ನಾನು ಕೇಳಲಿಲ್ಲ. ಕೇಳಿದರೆ ಹೇಳುತ್ತಾರೆ ಅನ್ನುವ ಭಯ.

ಕರೆಂಟಿನಿಂದ ಉಗುಳು ಒಣಗಿಹೋಯಿತು. ಈಗಲೂ ಪಕ್ಕದಲ್ಲಿ ನೀರಿನ ಬಾಟಲಿ ಇಲ್ಲದೆ ಎರಡು ಮಾತು ಆಡಲಾರೆ. ಬಿಸಿ ಇಲ್ಲ, ಖಾರ ಇಲ್ಲ. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತೇನೆ. ಜೋಳದ ಊರಲ್ಲಿ ಹುಟ್ಟಿ, ಗಿರಣಿಯ ಮನೆಗೆ ಸೊಸೆಯಾಗಿ ಬಂದು, ರೊಟ್ಟಿ ತಿನ್ನಲಾರದವಳಾದೆ. ದಿನಾ ಮನೆ ಮಂದಿಗೆ ಬಡಿಯುತ್ತೇನೆ, ಕಡೆಯದೊಂದನ್ನು ಹಾಲಿನಲ್ಲಿ ನೆನೆಸಿ ಹಿಸುಕಿ ನುಂಗುತ್ತೇನೆ. ನುಂಗಲು ಬರುತ್ತದೆ. ಗಂಟಲು ಬಿಟ್ಟಿದ್ದಾನೆ ದೇವರು. ಇಂಥ ಸಣ್ಣ ಸಣ್ಣವನ್ನು ಬೆರಳು ಮಡಿಚಿ ಎಣಿಸುತ್ತೇನೆ. ಎಣಿಕೆ ಒಂದು ಕೈಯಲ್ಲೇ ಮುಗಿಯುವ ದಿನಗಳೇ ಜಾಸ್ತಿ.

ಮೂರು ತಿಂಗಳ ಹಿಂದೆ ಡಾಕ್ಟರಮ್ಮ ಹೇಳಿ ಕಳಿಸಿದಳು. ಮನೆ ಮಂದಿಯೆಲ್ಲ ಬಂದು ಒಮ್ಮೆ ಬಾಯಿ ತೋರಿಸಬೇಕು, ಬಾಯಿ ಇದ್ದವರೆಲ್ಲ ಅಂತ. ಸವಿತಾ ಕೂಸಿನೊಂದಿಗೆ ಜೇವರ್ಗಿಯಿಂದ ಬಂದಿದ್ದಳು. ಎಲ್ಲರೂ ಹೋದೆವು.

ಮೊದಲು ಕುರ್ಚಿ ಹತ್ತಿದ್ದು ಅತ್ತೆ. "ನನ್ನ ಬಾಯಾಗ ಏನ್ ನೋಡ್ತಿ ತಾಯಿ? ಒಂದೂ ಹಲ್ಲಿಲ್ಲ. ಹಾಳ ಗುಡಿ."

"ಹಲ್ಲಿಲ್ಲದ ಬಾಯೀನೂ ನೋಡಬೇಕ್ರಿ ಅಜ್ಜಿ. ವಸಡು ಅದಲ್ಲ, ನಾಲಗಿ ಅದಲ್ಲ?"

"ನಾಲಗಿ ಬಾಳ ಅದ. ಅದನ್ನ ನೋಡಬೇಕಾದ್ರ ನಿಮಗ ಇಡೀ ದಿನಾ ಬೇಕ್ರಿ" ಅಂದರು ನಮ್ಮ ಮನೆಯವರು. ಅತ್ತೆ ಕುರ್ಚಿಯಿಂದಲೇ ಮಗನಿಗೆ ಕೈ ಬೀಸಿದರು. ಡಾಕ್ಟರಮ್ಮ ನೋಡಿ, ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಆದರೆ ಬಿಡಲೇಬೇಕು, ಆರು ತಿಂಗಳಿಗೊಮ್ಮೆ ತೋರಿಸಲೇಬೇಕು ಅಂದಳು. ನಮ್ಮ ಮನೆಯವರಿಗೆ ಎರಡು ಹುಳುಕು, ಅವತ್ತೇ ತುಂಬಿದಳು. ಕೂಸನ್ನು ಸವಿತಾಳ ತೊಡೆಯ ಮೇಲೇ ಮಲಗಿಸಿ, ಎಂಟು ಹಾಲುಹಲ್ಲುಗಳನ್ನು ನೋಡಿ, "ಇವು ಬಿದ್ದು ಹೋಗೋ ಹಲ್ಲು ಅಂತ ಬಿಡಬ್ಯಾಡ್ರಿ. ಹಾಲು ಕುಡಿಸಿದಮ್ಯಾಲ ಒದ್ದಿ ಅರಬಿಲೆ ಒರಸ್ರಿ, ಬಾಯಾಗ ಬಾಟಲಿ ಇಟ್ಟು ಮಲಗಸಬ್ಯಾಡ್ರಿ" ಅಂದಳು. ಹಲ್ಲು ಹುಟ್ಟುತ್ತಲೇ ಡಾಕ್ಟರಿಗೆ ತೋರಿಸಿಕೊಂಡವರು ನಮ್ಮ ವಂಶದಲ್ಲಿ ಆ ಕೂಸೇ ಮೊದಲು. ನನಗೆ ಸ್ವಲ್ಪ ಹಿಗ್ಗಾಯಿತು.

ಆಮೇಲೆ ಸವಿತಾ. ಡಾಕ್ಟರಮ್ಮ ಅವಳ ಕೆಳತುಟಿಯನ್ನು ಮಡಚಿದಳು. ಒಳಗೆ ಎಡಗಡೆ, ವಸಡು ಮತ್ತು ತುಟಿ ಕೂಡುವ ಕಡೆ, ಬಿಳಿಯ ಕಲೆ. ನೀರಲ್ಲಿ ಬಹಳ ಹೊತ್ತು ನೆನೆದ ಬೆರಳಿನ ತೊಗಲಿನ ಹಾಗೆ ಸುಕ್ಕಾಗಿತ್ತು. ಡಾಕ್ಟರಮ್ಮ ಹತ್ತಿಯಿಂದ ಒರೆಸಿದಳು. ಹತ್ತಿ ಕಪ್ಪಾಯಿತು.

"ಯಾವಾಗ ತಿಕ್ಕಿದ್ರಿ?"

ಸವಿತಾ ಕೈಯಿಂದ ತುಟಿ ಒರೆಸಿಕೊಂಡಳು.

"ಮುಂಜಾನಿ ತಿಕ್ಕೀರಿ. ಹೌದಲ್ಲ?"

"ಹೌದ್ರಿ."

ನನ್ನ ಬಾಯಿಂದ ಏನೋ ಸದ್ದು ಬಂತು. ಮಾತಲ್ಲ.

"ಕೇಳ್ರಿ" ಅಂದಳು ಡಾಕ್ಟರಮ್ಮ, ನಮ್ಮಿಬ್ಬರಿಗೂ ಸೇರಿಸಿ. "ಇದು ಇನ್ನೂ ರೋಗ ಅಲ್ಲ. ಇವತ್ತ ಬಿಟ್ರ ಇದು ತಾನs ಹೋಗೋ ಆಶಾ ಬಾಳ ಅದ. ಬಿಡಲಿಲ್ಲಂದ್ರ ನನಗ ಕೇಳಬ್ಯಾಡ್ರಿ. ನಿಮ್ಮ ತಾಯಿ ಮುಖ ನೋಡ್ರಿ. ಮೂರು ತಿಂಗಳಿಗೆ ಬರ್ರಿ. ಕಲಿ ಹಂಗs ಇತ್ತಂದ್ರ ತುಣುಕು ತಗೀತೇನಿ."

ಮನೆಗೆ ಬಂದು ಅವಳು ಕೂಸನ್ನು ಅತ್ತೆಯ ಕೈಗೆ ಕೊಟ್ಟು ನನ್ನ ಮೇಲೆ ಹರಿಹಾಯ್ದಳು. "ನಾ ಬೇಡಿದ್ನೇನು ನಿನಗ? ಡಾಕ್ಟರ್ ಕಡಿ ಹೋಗ್ತೇನಿ ಅಂದಿದ್ದೆ ನಾನು! ಗದ್ದ ಹಿಡದು ಹಚ್ಚಿದಾಕಿ ನೀನು!"

"ಹೌದವ್ವಾ. ನಾನs."

"ಈಗ ಬಿಡು ಬಿಡು ಅಂತಿ. ಬಿಟ್ರ ತಲಿ ಸಿಡಿತದ, ಹೊಟ್ಟಿ ಕಟ್ತದ, ಕೂಸಿನ ಮ್ಯಾಲ ಕೈ ಎತ್ತಂಗ ಆಗ್ತದ. ನಿನಗ ಬಿಡಸಾಕ ಆಪರೇಷನ್ನs ಬೇಕಾತು. ನನಗ ಬಾಯಿಮಾತಿಲೆ ಬಿಡು ಅಂತಿ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮರುದಿನ ಬಸ್ಸು ಹತ್ತುವಾಗ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಬಿಟ್ಟೀನವ್ವಾ, ಖರೆ" ಅಂದಳು. ಡಬ್ಬಿ ಕೊಟ್ಟರೆ ಏನಾಯಿತು? ಜೇವರ್ಗಿಯಲ್ಲಿ ತಂಬಾಕಿನ ಎಲೆಗೆ ಬರವೇ?

ಆರು ದಿನ ಬಿಟ್ಟು ಒಂದು ಬೆಳಿಗ್ಗೆ ಕೂಸಿಗೆ ನೆಗಡಿಯಂತೆ ಎಂದು ತಿಳಿದು ಸವಿತಾಳಿಗೆ ಫೋನ್ ಮಾಡಿ, "ನೆಗಡಿ ಅದ ಏನು?" ಅಂದೆ. "ಹೂಂ" ಅಂದಳು. "ಜ್ವರ ಅವ ಏನು?" ಅಂದೆ. "ಉಂಹೂಂ" ಅಂದಳು. ತುಟಿ ತೆರೆಯದೆ, ಗಂಟಲಿನಿಂದ. ನನಗೆ ಕೂಡಲೇ ತಿಳಿಯಿತು. ಇಪ್ಪತ್ತಾರು ವರ್ಷ ಹಿತ್ತಲ ಕಟ್ಟೆಯ ಮೇಲೆ ಕುಳಿತು ಹಾಗೇ ಉತ್ತರ ಕೊಟ್ಟವಳು ನಾನು. ಬಾಯಲ್ಲಿ ಮಿಶ್ರಿ ಇದ್ದಾಗ ಮನುಷ್ಯರು ಹೇಗೆ ಮಾತಾಡುತ್ತಾರೆ ಅಂತ ನನಗೆ ಯಾವ ಡಾಕ್ಟರೂ ಕಲಿಸಬೇಕಿಲ್ಲ. ನಾನು ಬಯ್ಯಲಿಲ್ಲ. ಬಯ್ದರೆ ಫೋನ್ ಎತ್ತುವುದನ್ನೇ ಬಿಡುತ್ತಾಳೆ.

ಮರುದಿನ ಬೆಳಿಗ್ಗೆ ಆರಕ್ಕೇ, ಅವಳು ಮಿಶ್ರಿಗೆ ಕೈ ಹಾಕುವ ಮುಂಚೆಯೇ ಫೋನ್ ಮಾಡಿದೆ. ಏನೇನೋ ಕೇಳಿದೆ. ಉದ್ದ ಉತ್ತರ ಬೇಕಾಗುವಂಥದ್ದು. ಮಾತಾಡುವ ಬಾಯಲ್ಲಿ ಮಿಶ್ರಿ ನಿಲ್ಲುವುದಿಲ್ಲ. ಅಂದಿನಿಂದ ದಿನಾ ಮಾಡುತ್ತೇನೆ. ನನ್ನ ಮಾತು ಎಡಗಡೆಯಿಂದ ಸೋರುತ್ತದೆ, ಅರ್ಧ ಶಬ್ದ ಅವಳಿಗೆ ತಿಳಿಯುವುದಿಲ್ಲ. "ಏನಂದಿ ಬೇ? ಇನ್ನೊಮ್ಮೆ ಹೇಳು" ಅನ್ನುತ್ತಾಳೆ. ಇನ್ನೊಮ್ಮೆ ಹೇಳುತ್ತೇನೆ. ಹೊತ್ತು ಹೋಗುತ್ತದಲ್ಲ, ಅದೇ ಬೇಕು. ಅತ್ತೆ ಏನಂದರು, ಗಿರಣಿಯ ಬೆಲ್ಟ್ ಹೇಗೆ ಹರಿಯಿತು, ಯಾರ ಮನೆಯಲ್ಲಿ ಏನಾಯಿತು, ಎಲ್ಲ ಹೇಳುತ್ತೇನೆ. ಹೇಳುವುದು ಮುಗಿದರೆ ಕೂಸಿಗೆ ಫೋನ್ ಕೊಡಿಸಿ, ಮತ್ತೆ ಅವಳ ಕೈಗೆ ಕೊಡು ಅನ್ನುತ್ತೇನೆ. ಮದುವೆಯಾದಂದಿನಿಂದ ಆರು ಗಂಟೆ ನನ್ನ ಲಿಂಗಪೂಜೆಯ ಹೊತ್ತು. ಈಗ ಪೂಜೆ ಏಳಕ್ಕೆ ಸರಿದಿದೆ. ಅತ್ತೆಗೆ ಇದು ಸೇರುವುದಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಕೂಡಬೇಕಾದ ಜಾಗ ಫೋನಿನ ಮುಂದೆಯೇ ಅಂತ ನನಗೆ ಅನಿಸಿದೆ. ತಪ್ಪಾಗಿದ್ದರೆ ಅವನೇ ಕ್ಷಮಿಸಲಿ.

ಬರುವ ಸೋಮವಾರ ಅವಳು ಬರುತ್ತಾಳೆ, ಡಾಕ್ಟರಮ್ಮ ತುಟಿ ಮಡಚಿ ನೋಡುತ್ತಾಳೆ. ಕಲೆ ಸಣ್ಣದಾಗಿದೆಯಾ ಅಂತ ಎರಡು ಸಲ ಕೇಳಿದೆ. ಕನ್ನಡಿಯಲ್ಲಿ ನೋಡಿಕೊಂಡಿಲ್ಲ ಅಂದಳು. ಅಂಜಿಕೆ ಬರುತ್ತದೆ ಅಂದಳು. ಇವತ್ತು ಬೆಳಿಗ್ಗೆ ನಲವತ್ತು ನಿಮಿಷ ಮಾತಾಡಿದೆವು. ಗಂಟಲು ಒಣಗಿ ನಾಲ್ಕು ಸಲ ನೀರು ಕುಡಿದೆ. ಕಡೆಗೆ ಅವಳು, "ಹಾಲು ಉಕ್ಕಾಕತ್ತಾವ ಯವ್ವಾ, ಇಡ್ತೇನಿ" ಅಂದಳು. ಇಟ್ಟಳು. ಆಮೇಲೆ ಅವಳು ಒಲೆಯ ಕಡೆ ಹೋದಳೋ, ಹಿತ್ತಲ ಕಡೆ ಹೋದಳೋ, ಇಲ್ಲಿ ಆಳಂದದಲ್ಲಿ ಕುಳಿತ ನನಗೆ ಕಾಣುವುದಿಲ್ಲ.